ಇಂಗ್ಲಿಷ್ ಪಾಠದಲ್ಲಿ ಮಾನವ ಹಕ್ಕು: ಆನ್‌ಲೈನ್ ಸಾಮಗ್ರಿ ಎಲ್ಲಿ ಸಿಗುತ್ತೆ, ಹೇಗೆ ಬಳಸೋದು

"ಡಿಸೆಂಬರ್ 10, ಮಾನವ ಹಕ್ಕುಗಳ ದಿನ ಬಂತು ಅಂದ್ರೆ ಒಂದು ಭಾಷಣ, ಒಂದು ಚಾರ್ಟು, ಅಲ್ಲಿಗೆ ಮುಗೀತು. ಅದನ್ನೇ ಇಂಗ್ಲಿಷ್ ಪಾಠವಾಗಿ ಮಾಡೋಕೆ ಆಗುತ್ತಾ? ನೆಟ್‌ನಲ್ಲಿ ಸಿಗೋದೆಲ್ಲ ನಮ್ಮ ಮಕ್ಕಳಿಗೆ ಕಬ್ಬಿಣದ ಕಡಲೆ. ಎಲ್ಲಿಂದ ಶುರು ಮಾಡ್ಲಿ?" ಇಂಗ್ಲಿಷ್ ಕಲಿಸುವ ಶಿಕ್ಷಕರಿಂದ ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ. ಒಬ್ಬೊಬ್ಬರಿಗೆ ಬಿಡಿಬಿಡಿಯಾಗಿ ಹೇಳುವ ಬದಲು ಎಲ್ಲವನ್ನೂ ಒಂದೇ ಕಡೆ ಬರೆದಿಡುತ್ತಿದ್ದೇನೆ.

ಖಂಡಿತ ಮಾಡಬಹುದು. ಅದಕ್ಕೆ ಭಾಷೆಯಲ್ಲೇ ಒಂದು ಕಾರಣವಿದೆ. ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಘೋಷಣೆಯಲ್ಲಿ 30 ವಿಧಿಗಳಿವೆ. ಅವುಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಶುರುವಾಗುವುದು ಎರಡೇ ಬಗೆಯ ವಾಕ್ಯದಿಂದ: "ಎವ್ರಿಒನ್ ಹ್ಯಾಸ್ ದ ರೈಟ್ ಟು..." ಮತ್ತು "ನೋ ಒನ್ ಶಲ್ ಬಿ...". ಈ ಎರಡು ಅಚ್ಚು ಕೈಗೆ ಬಂದ ಮಗು ಜಗತ್ತಿನ ಬಹು ಮುಖ್ಯವಾದ ಒಂದು ದಾಖಲೆಯನ್ನು ತಾನೇ ಓದಲು ಶುರು ಮಾಡುತ್ತದೆ. ಅಷ್ಟೇ ಅಲ್ಲ, ತನಗೆ ಏನು ಬೇಕು, ಏನು ಆಗಬಾರದು ಅಂತ ಇಂಗ್ಲಿಷಿನಲ್ಲಿ ಹೇಳುವ ದಾರಿಯೂ ಅದಕ್ಕೆ ಸಿಗುತ್ತದೆ.

ಕನ್ನಡ ಮಾಧ್ಯಮದ 8, 9, 10ನೇ ತರಗತಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ. ಪಿಯು ಮಕ್ಕಳಿಗೆ, ಸ್ಪೋಕನ್ ಇಂಗ್ಲಿಷ್ ಕಲಿಯುವ ದೊಡ್ಡವರಿಗೆ ಕಲಿಸುವವರೂ ಸ್ವಲ್ಪ ಬದಲಿಸಿ ಬಳಸಬಹುದು.

ಮೊದಲು ಏನೇನು ಬೇಕು

ಇಂಟರ್ನೆಟ್ ಇರುವ ಒಂದು ಫೋನು ಸಾಕು, ಅದೂ ನಿಮ್ಮ ಹತ್ತಿರ ಮಾತ್ರ. ಮಕ್ಕಳ ಕೈಗೆ ಫೋನ್ ಕೊಡುವ ಅಗತ್ಯ ಇಲ್ಲ. ಮನೆಯಲ್ಲೇ ಎಲ್ಲ ಡೌನ್‌ಲೋಡ್ ಮಾಡಿಕೊಂಡು ಹೋಗಿ. ಶಾಲೆಯ ನೆಟ್‌ವರ್ಕ್ ನಂಬಿಕೊಂಡು ಪಾಠಕ್ಕೆ ನಿಂತರೆ ಪೀರಿಯಡ್ ಅರ್ಧ ಅಲ್ಲೇ ಹೋಗುತ್ತದೆ. ಸ್ಮಾರ್ಟ್ ಕ್ಲಾಸ್ ಇದ್ದರೆ ಸಂತೋಷ. ಇಲ್ಲದಿದ್ದರೆ ಒಂದು ಸಣ್ಣ ಬ್ಲೂಟೂತ್ ಸ್ಪೀಕರ್, ಅರ್ಧ ಹಾಳೆಯ ಜೆರಾಕ್ಸ್, ಕರಿಹಲಗೆ ಇದ್ದರೆ ಆಯಿತು.

ಮುಖ್ಯ ಶಿಕ್ಷಕರಿಗೆ ಮೊದಲೇ ಒಂದು ಮಾತು ಹೇಳಿಡಿ. ಸಮಾಜ ವಿಜ್ಞಾನದ ಶಿಕ್ಷಕರ ಜೊತೆಗೂ ಮಾತಾಡಿ. ಮೂಲಭೂತ ಹಕ್ಕುಗಳನ್ನು ಅವರು ಕನ್ನಡದಲ್ಲಿ ಮಾಡಿ ಮುಗಿಸಿದ ವಾರ ನೀವು ಇಂಗ್ಲಿಷಿನಲ್ಲಿ ಶುರು ಮಾಡಿದರೆ ಅರ್ಧ ಕೆಲಸ ಆದಂತೆಯೇ. ವಿಷಯ ಗೊತ್ತಿರುವ ಮಗುವಿಗೆ ಭಾಷೆ ಮಾತ್ರ ಹೊಸದು. ಎರಡೂ ಹೊಸದಾದರೆ ಮಗು ಸುಮ್ನೆ ಕೂತುಬಿಡುತ್ತದೆ.

ಇನ್ನೊಂದು ವಿಷಯ ತಿಳಿದಿರಲಿ. ಆನ್‌ಲೈನ್ ಪಾಠಗಳ ಮೇಲೆ ಎ1, ಎ2, ಬಿ1 ಅಂತ ಬರೆದಿರುತ್ತಾರೆ. ಇದು ಯುರೋಪಿನಲ್ಲಿ ರೂಪಿಸಿದ ಭಾಷಾ ಮಟ್ಟದ ಅಳತೆ. ಎ1 ಅಂದರೆ ತನ್ನ ಹೆಸರು, ಮನೆ, ದಿನಚರಿ ಹೇಳಬಲ್ಲ ಮಟ್ಟ. ಎ2 ಅಂದರೆ ಪರಿಚಿತ ವಿಷಯದ ಬಗ್ಗೆ ಸರಳ ವಾಕ್ಯದಲ್ಲಿ ಮಾತಾಡಬಲ್ಲ ಮಟ್ಟ. ಬಿ1ರಲ್ಲಿ ಅಭಿಪ್ರಾಯ, ಕಾರಣ ಎಲ್ಲ ಬರುತ್ತದೆ. ನಮ್ಮ 8ನೇ ತರಗತಿಗೆ ಎ1 ಹುಡುಕಿ, ಹತ್ತಕ್ಕೆ ಎ2. ಮಾನವ ಹಕ್ಕು ಅಂತ ಹುಡುಕಿದಾಗ ಸಿಗುವ ಪಾಠಗಳಲ್ಲಿ ಹೆಚ್ಚಿನವು ಬಿ1 ಅಥವಾ ಅದಕ್ಕಿಂತ ಮೇಲಿನವು. "ಕಷ್ಟ" ಅಂತ ನಿಮಗೆ ಅನಿಸಿದ್ದು ಅದಕ್ಕೇ.

ಹಂತ 1: ಮೂಲ ಪಠ್ಯಗಳನ್ನು ಇಳಿಸಿಕೊಳ್ಳಿ

ಮೊದಲನೆಯದು ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆ. 1948ರ ಡಿಸೆಂಬರ್ 10ರಂದು ಪ್ಯಾರಿಸ್‌ನಲ್ಲಿ ವಿಶ್ವಸಂಸ್ಥೆಯ ಮಹಾಸಭೆ ಇದನ್ನು ಒಪ್ಪಿತು. ಪರವಾಗಿ ಮತ ಹಾಕಿದ ದೇಶಗಳಲ್ಲಿ ಭಾರತವೂ ಇತ್ತು. ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಹೈಕಮಿಷನರ್ ಕಚೇರಿಯ ವೆಬ್‌ಸೈಟಿನಲ್ಲಿ ಇದು 500ಕ್ಕೂ ಹೆಚ್ಚು ಭಾಷೆಗಳಲ್ಲಿದೆ. ಕನ್ನಡವೂ ಇದೆ. "ಎಲ್ಲಾ ಮಾನವರೂ ಸ್ವತಂತ್ರರಾಗಿಯೇ ಜನಿಸಿದ್ದಾರೆ" ಎಂದು ಅದರ ಮೊದಲ ವಿಧಿ ಶುರುವಾಗುತ್ತದೆ. ಕನ್ನಡ, ಇಂಗ್ಲಿಷ್ ಎರಡೂ ಪ್ರತಿ ಇಳಿಸಿಕೊಂಡು ಪಕ್ಕಪಕ್ಕ ಇಟ್ಟುಕೊಳ್ಳಿ. ಉರ್ದು, ತೆಲುಗು, ಮರಾಠಿ, ತಮಿಳು ಮನೆಮಾತಿನ ಮಕ್ಕಳಿದ್ದರೆ ಆ ಭಾಷೆಯ ಪ್ರತಿಯೂ ಇರಲಿ. ತಮ್ಮ ಮನೆಮಾತಿನ ಹಾಳೆ ಮೇಷ್ಟ್ರ ಕೈಯಲ್ಲಿ ಕಂಡಾಗ ಆ ಮಕ್ಕಳ ಮುಖ ನೋಡಬೇಕು.

ಎರಡನೆಯದು ಮಕ್ಕಳ ಹಕ್ಕುಗಳ ಒಡಂಬಡಿಕೆ. 1989ರ ನವೆಂಬರ್ 20ರಂದು ಬಂದದ್ದು, 54 ವಿಧಿಗಳು. ಭಾರತ 1992ರ ಡಿಸೆಂಬರ್‌ನಲ್ಲಿ ಇದಕ್ಕೆ ಸೇರಿತು. ಘೋಷಣೆ ಅಂದರೆ ದೇಶಗಳು ಒಟ್ಟಾಗಿ ಸಾರಿ ಹೇಳಿದ್ದು. ಒಡಂಬಡಿಕೆ ಅಂದರೆ ಒಪ್ಪಿ ಸಹಿ ಹಾಕಿದ ದೇಶ ಪಾಲಿಸಲೇಬೇಕಾದದ್ದು. ಈ ವ್ಯತ್ಯಾಸ ಮಕ್ಕಳಿಗೂ ಹೇಳಿ, ಅರ್ಥವಾಗುತ್ತದೆ. ಇದರ ಪೂರ್ತಿ ಪಠ್ಯ ನಿಮಗೆ ಬೇಡ. ವಿಶ್ವಸಂಸ್ಥೆಯ ಮಕ್ಕಳ ಸಂಸ್ಥೆ ಯುನಿಸೆಫ್ ಸೈಟಿನಲ್ಲಿ ಮಕ್ಕಳಿಗಾಗಿಯೇ ಸರಳ ಮಾಡಿದ ಆವೃತ್ತಿ ಇದೆ. ಪ್ರತಿ ಹಕ್ಕಿಗೂ ಒಂದು ಸಣ್ಣ ಚಿತ್ರ, ಒಂದೆರಡು ಸಣ್ಣ ವಾಕ್ಯ. 8ನೇ ತರಗತಿಗೆ ನಾನು ಮೊದಲು ಸೂಚಿಸುವುದು ಇದನ್ನೇ.

ಮೂರನೆಯದು ನಮ್ಮ ಸಂವಿಧಾನದ ಪೀಠಿಕೆ. ಎಷ್ಟೋ ಶಾಲೆಗಳಲ್ಲಿ ಪ್ರಾರ್ಥನೆಯ ಹೊತ್ತಿಗೆ ಇದನ್ನು ಓದಿಸುತ್ತಾರೆ, ಮಕ್ಕಳಿಗೆ ಕನ್ನಡದಲ್ಲಿ ಬಾಯಿಪಾಠವೇ ಇರುತ್ತದೆ. ಅದೇ ಪೀಠಿಕೆಯ ಇಂಗ್ಲಿಷ್ ಪ್ರತಿ ಕೊಟ್ಟು, ಜಸ್ಟಿಸ್, ಲಿಬರ್ಟಿ, ಈಕ್ವಾಲಿಟಿ, ಫ್ರಟರ್ನಿಟಿ ಎಂಬ ನಾಲ್ಕು ಪದಗಳನ್ನು ಅವರೇ ಹುಡುಕಲಿ. ಕನ್ನಡದಲ್ಲಿ ಎಲ್ಲಿ ಬರುತ್ತವೆ ಎಂದು ಗೊತ್ತಿರುವುದರಿಂದ ಇಂಗ್ಲಿಷಿನಲ್ಲೂ ಸಿಕ್ಕಿಬಿಡುತ್ತವೆ. ಮೊದಲ ದಿನಕ್ಕೆ ಇದಕ್ಕಿಂತ ಒಳ್ಳೆ ಪಾಠ ಬೇಕಿಲ್ಲ.

ಇಲ್ಲಿ ಎಚ್ಚರ: ಘೋಷಣೆಯ 30 ವಿಧಿಗಳನ್ನೂ ಜೆರಾಕ್ಸ್ ಮಾಡಿಸಿ ಹಂಚಬೇಡಿ. ಕನ್ನಡ ಪ್ರತಿಯ ಭಾಷೆಯೂ ಕಾನೂನಿನ ಭಾಷೆಯೇ, ಸುಲಭವಲ್ಲ. ಅದು ನಿಮ್ಮ ತಯಾರಿಗೆ.

ಹಂತ 2: ವರ್ಷಕ್ಕೆ ಐದು ಹಕ್ಕು ಸಾಕು

ಗುಲಾಮಗಿರಿ, ಚಿತ್ರಹಿಂಸೆಯಂಥ ವಿಷಯದಿಂದ ಶುರು ಮಾಡಬೇಡಿ. ಮಕ್ಕಳ ದಿನನಿತ್ಯದಲ್ಲಿ ಇರುವುದನ್ನು ಹಿಡಿಯಿರಿ. ನನ್ನ ಆಯ್ಕೆ ಇದು: ಘೋಷಣೆಯ 1ನೇ ವಿಧಿ, ಎಲ್ಲರೂ ಸಮಾನರು. 26ನೇ ವಿಧಿ, ಶಿಕ್ಷಣ. 25ನೇ ವಿಧಿ, ಊಟ, ಬಟ್ಟೆ, ಮನೆ, ಔಷಧ. 24ನೇ ವಿಧಿ, ವಿಶ್ರಾಂತಿ. 19ನೇ ವಿಧಿ, ಅನಿಸಿದ್ದನ್ನು ಹೇಳುವುದು.

ಪ್ರತಿಯೊಂದಕ್ಕೂ ನಮ್ಮ ನೆಲದ ಕಾನೂನು ಜೋಡಿಸಿ. ಶಿಕ್ಷಣಕ್ಕೆ ಸಂವಿಧಾನದ 21ಎ ವಿಧಿ ಇದೆ. ಅದರ ಮೇಲೆ ನಿಂತ 2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಮಕ್ಕಳಿಗೆ ಉಚಿತ, ಕಡ್ಡಾಯ ಶಿಕ್ಷಣ ಕೊಡುತ್ತದೆ. ಸಮಾನತೆಗೆ 14ನೇ ವಿಧಿ, ಅಸ್ಪೃಶ್ಯತೆಯನ್ನು ರದ್ದು ಮಾಡಿದ 17ನೇ ವಿಧಿ. ಹತ್ತನೇ ತರಗತಿಯ ಇಂಗ್ಲಿಷ್ ಪಠ್ಯದಲ್ಲಿ ಅಂಬೇಡ್ಕರ್ ಅವರ ಪಾಠ ಮಾಡುವಾಗ ಈ 17ನೇ ವಿಧಿಯ ಒಂದು ಸಾಲನ್ನು ಬೋರ್ಡ್ ಮೇಲೆ ಬರೆಯಿರಿ. ಪಠ್ಯಕ್ಕೂ ಇದಕ್ಕೂ ಸಂಬಂಧ ಏನು ಅಂತ ಯಾರೂ ಕೇಳುವುದಿಲ್ಲ.

ಎರಡೂ ಕಡೆ ವಿಧಿ ಸಂಖ್ಯೆಗಳು ಇರುವುದರಿಂದ ಗೊಂದಲ ಆಗುತ್ತದೆ. ಘೋಷಣೆಯ 19 ಬೇರೆ ಹಾಳೆ, ಸಂವಿಧಾನದ 19 ಬೇರೆ ಹಾಳೆ. ಇವೆರಡರಲ್ಲಿ ಕಾಕತಾಳೀಯವಾಗಿ ವಿಷಯ ಒಂದೇ, ಅಭಿವ್ಯಕ್ತಿ ಸ್ವಾತಂತ್ರ್ಯ. ಆದರೆ ಬೇರೆ ಸಂಖ್ಯೆಗಳಿಗೆ ಹಾಗಿಲ್ಲ. ಬೋರ್ಡ್ ಮೇಲೆ ಎರಡು ಬಣ್ಣದ ಸೀಮೆಸುಣ್ಣ ಬಳಸಿ.

ಹಂತ 3: ಒಂದು ವಿಧಿಯನ್ನು ಮಕ್ಕಳ ಮಟ್ಟಕ್ಕೆ ತನ್ನಿ

ಸಮಯ ಹೆಚ್ಚು ಬೇಕಾಗುವುದು ಇಲ್ಲೇ, ಫಲವೂ ಇಲ್ಲೇ. 24ನೇ ವಿಧಿಯನ್ನು ಹಿಡಿದು ತೋರಿಸುತ್ತೇನೆ. ಮೂಲದಲ್ಲಿ ಹೀಗಿದೆ: "ಎವ್ರಿಒನ್ ಹ್ಯಾಸ್ ದ ರೈಟ್ ಟು ರೆಸ್ಟ್ ಅಂಡ್ ಲೀಷರ್, ಇನ್‌ಕ್ಲೂಡಿಂಗ್ ರೀಸನಬಲ್ ಲಿಮಿಟೇಶನ್ ಆಫ್ ವರ್ಕಿಂಗ್ ಅವರ್ಸ್ ಅಂಡ್ ಪೀರಿಯಾಡಿಕ್ ಹಾಲಿಡೇಸ್ ವಿತ್ ಪೇ."

ಒಂದೇ ವಾಕ್ಯದಲ್ಲಿ ಮೂರು ಸಂಗತಿ ಇವೆ. ಮೂರಾಗಿ ಒಡೆಯಿರಿ. "ಎವ್ರಿಒನ್ ಹ್ಯಾಸ್ ದ ರೈಟ್ ಟು ರೆಸ್ಟ್. ವರ್ಕ್ ಅವರ್ಸ್ ಮಸ್ಟ್ ನಾಟ್ ಬಿ ಟೂ ಲಾಂಗ್. ವರ್ಕರ್ಸ್ ಮಸ್ಟ್ ಗೆಟ್ ಪೇಯ್ಡ್ ಹಾಲಿಡೇಸ್." ಈಗ ಎ2 ಮಟ್ಟಕ್ಕೆ ಬಂತು. ಹೀಗೆ ಒಡೆಯಲು ಬೇಸರವಾದರೆ ತಯಾರಾಗಿಯೂ ಸಿಗುತ್ತದೆ. ವಿಶ್ವಸಂಸ್ಥೆಯ ಮಾನವ ಹಕ್ಕು ಕಚೇರಿ ಶಿಕ್ಷಕರಿಗಾಗಿ "ಎಬಿಸಿ: ಟೀಚಿಂಗ್ ಹ್ಯೂಮನ್ ರೈಟ್ಸ್" ಎಂಬ ಕೈಪಿಡಿ ಮಾಡಿದೆ. ಪಿಡಿಎಫ್ ಉಚಿತ. ಅದರ ಕೊನೆಯಲ್ಲಿ ಇಡೀ ಘೋಷಣೆಯ ಸರಳ ಇಂಗ್ಲಿಷ್ ರೂಪವಿದೆ.

ಪಾಠ ಹೀಗೆ ಸಾಗಲಿ. ಮೊದಲು ಮಕ್ಕಳು ಅಮ್ಮನ ಒಂದು ದಿನವನ್ನು ಇಂಗ್ಲಿಷಿನಲ್ಲಿ ಹೇಳಲಿ. "ಮೈ ಮದರ್ ಗೆಟ್ಸ್ ಅಪ್ ಅಟ್ ಫೈವ್. ಶಿ ಕುಕ್ಸ್. ಶಿ ಗೋಸ್ ಟು ದ ಫೀಲ್ಡ್. ಶಿ ಕಮ್ಸ್ ಬ್ಯಾಕ್ ಅಟ್ ಸಿಕ್ಸ್. ಶಿ ಕುಕ್ಸ್ ಅಗೇನ್." ಸಿಂಪಲ್ ಪ್ರೆಸೆಂಟ್ ಅಭ್ಯಾಸ, ಅಷ್ಟೇ. ಐದಾರು ಮಕ್ಕಳ ವಾಕ್ಯ ಬೋರ್ಡ್ ಮೇಲೆ ಬರಲಿ. ಆಮೇಲೆ ಕೇಳಿ: "ವೆನ್ ಡಸ್ ಶಿ ರೆಸ್ಟ್?" ತರಗತಿ ಸ್ವಲ್ಪ ಹೊತ್ತು ಯೋಚಿಸುತ್ತದೆ. ಆಗ ಮೂರು ವಾಕ್ಯದ ಹಾಳೆ ಹಂಚಿ. "ಅಡುಗೆ ಕೆಲಸಕ್ಕೂ ಭಾನುವಾರ ರಜೆ ಇದೆಯಾ ಮಿಸ್?" ಅನ್ನುವ ಪ್ರಶ್ನೆ ಬಂದೇ ಬರುತ್ತದೆ. ಕನ್ನಡದಲ್ಲಿ ಬಂದರೂ ಬರಲಿ, ತಡೆಯಬೇಡಿ. ಆ ಪ್ರಶ್ನೆಯನ್ನು ಇಂಗ್ಲಿಷಿಗೆ ತರುವುದೇ ಅವತ್ತಿನ ಮನೆಗೆಲಸ.

ಭಾಷೆಯ ಕಡೆಯಿಂದ ನಮ್ಮ ಮಕ್ಕಳು ಎಡವುವುದು ಮುಖ್ಯವಾಗಿ ಎರಡು ಕಡೆ. ಒಂದು, "ಎವ್ರಿಒನ್ ಹ್ಯಾವ್" ಅಂತ ಬರೆಯುವುದು. ನಮಗೆ "ಎಲ್ಲರಿಗೂ" ಬಹುವಚನ, ಇಂಗ್ಲಿಷಿನಲ್ಲಿ ಏಕವಚನ. ನಿಯಮ ಹೇಳಿದರೆ ಮರೆಯುತ್ತಾರೆ. "ಎವ್ರಿಒನ್ ಹ್ಯಾಸ್" ಅನ್ನು ಒಂದೇ ಪದವೆಂಬಂತೆ ಬಾಯಿಗೆ ಕೂರಿಸಿ. ಇನ್ನೊಂದು, "ನೋ ಒನ್ ಶಲ್ ನಾಟ್ ಬಿ..." ಅಂತ ಎರಡು ಸಲ ಇಲ್ಲ ಅನ್ನುವುದು. ಕನ್ನಡದಲ್ಲಿ "ಯಾರನ್ನೂ ಹೊಡೆಯಬಾರದು" ಅನ್ನುವಾಗ ನಿಷೇಧ ಕ್ರಿಯಾಪದದಲ್ಲೇ ಇರುತ್ತದೆ. ಇಂಗ್ಲಿಷಿನಲ್ಲಿ ಅದು ಮೊದಲೇ "ನೋ ಒನ್"ನಲ್ಲಿ ಬಂದುಬಿಟ್ಟಿದೆ. ಇದಕ್ಕೆ ಪೂರ್ತಿ ಒಂದು ಪೀರಿಯಡ್ ಕೊಟ್ಟರೂ ಅಡ್ಡಿಯಿಲ್ಲ. 4ನೇ ವಿಧಿಯ ಮೊದಲ ಭಾಗ, "ನೋ ಒನ್ ಶಲ್ ಬಿ ಹೆಲ್ಡ್ ಇನ್ ಸ್ಲೇವರಿ", ಇದಕ್ಕೆ ಒಳ್ಳೆ ಮಾದರಿ ವಾಕ್ಯ. ಕಾನೂನಿನ "ಶಲ್" ಅನ್ನು ಓದಿ ಅರ್ಥ ಮಾಡಿಕೊಂಡರೆ ಸಾಕು. ಮಕ್ಕಳು ತಾವು ಬರೆಯುವಾಗ "ಮಸ್ಟ್" ಬಳಸಲಿ.

ಚಾಟ್‌ಜಿಪಿಟಿಯಂಥ ಎಐ ಸಾಧನಕ್ಕೆ "ಈ ವಿಧಿಯನ್ನು ಎ2 ಮಟ್ಟದ ಸರಳ ಇಂಗ್ಲಿಷಿಗೆ ತಂದುಕೊಡು" ಅಂತ ಕೇಳಬಹುದು, ಚೆನ್ನಾಗಿಯೇ ಮಾಡುತ್ತದೆ. ಆದರೆ ಮೂಲ ಪಠ್ಯವನ್ನು ನೀವೇ ಅಂಟಿಸಿ ಕೊಡಿ. "24ನೇ ವಿಧಿ ಏನು ಹೇಳುತ್ತದೆ" ಅಂತ ಅದನ್ನೇ ಕೇಳಬೇಡಿ. ಸಂಖ್ಯೆಗಳನ್ನು, ಕಾನೂನಿನ ಮಾತುಗಳನ್ನು ಅದು ತಪ್ಪಾಗಿ ಹೇಳುವುದುಂಟು. ಬಂದ ಉತ್ತರವನ್ನು ಮೂಲದ ಪಕ್ಕ ಇಟ್ಟು ಓದಿ. ಏನಾದರೂ ಬಿಟ್ಟುಹೋಗಿದೆಯಾ, ಮೂಲದಲ್ಲಿ ಇಲ್ಲದ್ದು ಸೇರಿದೆಯಾ ನೋಡಿ.

ಹಂತ 4: ಕೇಳಿಸಿ, ಪದ ಹುಡುಕಿಸಿ

ಲಿಬ್ರಿವಾಕ್ಸ್ ಅನ್ನುವ ತಾಣದಲ್ಲಿ ಸ್ವಯಂಸೇವಕರು ಓದಿದ ಧ್ವನಿಮುದ್ರಣಗಳು ಉಚಿತವಾಗಿ ಸಿಗುತ್ತವೆ. ಮಾನವ ಹಕ್ಕುಗಳ ಘೋಷಣೆಯೂ ಹಲವು ಭಾಷೆಗಳಲ್ಲಿದೆ. ಇಂಗ್ಲಿಷಿನದನ್ನು ಇಳಿಸಿಕೊಂಡು, ನಿಮಗೆ ಬೇಕಾದ ವಿಧಿಯನ್ನಷ್ಟೇ ಮೂರು ಸಲ ಕೇಳಿಸಿ. ಮೊದಲ ಸಲ ಸುಮ್ನೆ ಕೇಳಲಿ. ಎರಡನೇ ಸಲ ಹಾಳೆ ನೋಡುತ್ತಾ ಕೇಳಲಿ. ಮೂರನೇ ಸಲ ಜೊತೆಗೇ ಹೇಳಲಿ. ಬಹಳಷ್ಟು ಪ್ಲೇಯರ್‌ಗಳಲ್ಲಿ ವೇಗವನ್ನು 0.75ಕ್ಕೆ ಇಳಿಸಬಹುದು. ಅದಕ್ಕಿಂತ ಕೆಳಗೆ ಇಳಿಸಿದರೆ ಉಚ್ಚಾರ ಎಳೆದಂತೆ ಆಗಿ ಹಾಳಾಗುತ್ತದೆ.

ಬಿಬಿಸಿ ಲರ್ನಿಂಗ್ ಇಂಗ್ಲಿಷ್‌ನ ಆರು ನಿಮಿಷದ ಕಾರ್ಯಕ್ರಮಗಳನ್ನು ಬಹಳ ಜನ ಹೆಸರಿಸುತ್ತಾರೆ. ಒಳ್ಳೆಯವೇ, ಮಾತುಕತೆಯ ಪೂರ್ತಿ ಬರಹವೂ ಜೊತೆಗೆ ಸಿಗುತ್ತದೆ. ಆದರೆ ಹೈಸ್ಕೂಲ್ ಮಕ್ಕಳಿಗೆ ಪೂರ್ತಿ ಆರು ನಿಮಿಷ ಜಾಸ್ತಿ. ಒಂದು ನಿಮಿಷ ಆರಿಸಿಕೊಳ್ಳಿ, ಉಳಿದದ್ದು ನಿಮ್ಮ ಸ್ವಂತ ಅಭ್ಯಾಸಕ್ಕೆ.

ಪದಗಳಿಗೆ ಕೇಂಬ್ರಿಡ್ಜ್ ಅಥವಾ ಆಕ್ಸ್‌ಫರ್ಡ್‌ನವರ ಕಲಿಯುವವರ ನಿಘಂಟು ನೋಡಿ. ಅರ್ಥ ಸರಳ, ಉಚ್ಚಾರ ಕೇಳಬಹುದು. ಮಗು ಕನ್ನಡದಲ್ಲಿ ಹೇಳಿ ಇಂಗ್ಲಿಷ್ ಪದಕ್ಕೆ ತಡಕಾಡುತ್ತಿದ್ದರೆ "ಅಲರ್" ಎಂಬ ಆನ್‌ಲೈನ್ ಕನ್ನಡ–ಇಂಗ್ಲಿಷ್ ನಿಘಂಟು ಉಪಯೋಗಕ್ಕೆ ಬರುತ್ತದೆ. ಒಂದು ಪಾಠಕ್ಕೆ ಆರು ಹೊಸ ಪದ ಮೀರದಿರಲಿ.

ಹಂತ 5: ಕಥೆಯಿಂದ ಹಕ್ಕಿಗೆ

ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ಎಂಬ ಮಕ್ಕಳ ಕಥೆಗಳ ತಾಣ ನಿಮಗೆ ಗೊತ್ತಿರಬಹುದು. ಅಲ್ಲಿ ಎಷ್ಟೋ ಚಿತ್ರಕಥೆಗಳು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಇವೆ, ಓದಿನ ಮಟ್ಟ 1ರಿಂದ 4ರವರೆಗೆ ಗುರುತಿಸಿದ್ದಾರೆ. ಹೈಸ್ಕೂಲಿಗೆ 3 ಅಥವಾ 4ನೇ ಮಟ್ಟ ಸರಿ. ತೀರಾ ಹಿಂದುಳಿದ ಮಕ್ಕಳಿಗೆ 2. ಕಥೆಗಳು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಇವೆ. ಅಂದರೆ ಬರೆದವರ, ಚಿತ್ರ ಬಿಡಿಸಿದವರ ಹೆಸರು ಹಾಕಿದರೆ ನೀವು ಮುದ್ರಿಸಬಹುದು, ಹಂಚಬಹುದು, ಬದಲಿಸಲೂಬಹುದು.

"ಹಕ್ಕು" ಅನ್ನುವ ಪದ ಇರುವ ಕಥೆಯನ್ನೇ ಹುಡುಕಬೇಕಿಲ್ಲ. ಯಾವ ಕಥೆಗಾದರೂ ಮೂರು ಪ್ರಶ್ನೆ ಕೇಳಿ. "ವಾಟ್ ಡಸ್ ದ ಚೈಲ್ಡ್ ನೀಡ್? ಹೂ ಸೇಸ್ ನೋ? ಈಸ್ ಇಟ್ ಫೇರ್?" ಉತ್ತರ ಬಂದ ಮೇಲೆ ಯುನಿಸೆಫ್ ಚಿತ್ರಪಟದಲ್ಲಿ ಅದಕ್ಕೆ ಹೊಂದುವ ಹಕ್ಕು ಯಾವುದು ಎಂದು ಹುಡುಕಲಿ. ಗುಂಪುಗಳಲ್ಲಿ ವಾದ ಆಗುತ್ತದೆ, ಅದು ಒಳ್ಳೆಯದು.

ಹಂತ 6: ಚಟುವಟಿಕೆಗೆ ಇಳಿಯುವ ಮೊದಲು ಇದನ್ನು ಓದಿ

ಹಕ್ಕಿನ ಪಾಠ ಮಾಡಿದಾಗ ಕೆಲವು ಮಕ್ಕಳು ತಮ್ಮ ಕಥೆ ಹೇಳಲು ಶುರು ಮಾಡುತ್ತಾರೆ. ಮನೆಯಲ್ಲಿ ಹೊಡೆತ, ಓದು ಬಿಡಿಸುವ ಮಾತು, ಮದುವೆಯ ಮಾತು, ಕೆಲವೊಮ್ಮೆ ಅದಕ್ಕಿಂತ ಭಾರದ್ದು. ನೀವು ಇದಕ್ಕೆ ತಯಾರಿರಬೇಕು.

ತರಗತಿಯ ನಡುವೆ ಮಗು ಅಂಥದ್ದು ಹೇಳತೊಡಗಿದರೆ ಮೆಲ್ಲನೆ ನಿಲ್ಲಿಸಿ. "ಇದು ಮುಖ್ಯವಾದ ವಿಷಯ, ನಾನೂ ನೀನೂ ಆಮೇಲೆ ಮಾತಾಡೋಣ" ಅನ್ನಿ. ಆಮೇಲೆ ಮಾತಾಡಲೇಬೇಕು, ಅವತ್ತೇ. ಕೇಳಿಸಿಕೊಳ್ಳಿ, ಅಡ್ಡ ಪ್ರಶ್ನೆ ಹಾಕಬೇಡಿ. "ಯಾರಿಗೂ ಹೇಳಲ್ಲ" ಅಂತ ಮಾತು ಕೊಡಬೇಡಿ. ಲೈಂಗಿಕ ದೌರ್ಜನ್ಯದ ಸುಳಿವು ಇದ್ದರೆ 2012ರ ಪೋಕ್ಸೋ ಕಾಯ್ದೆಯ ಪ್ರಕಾರ ಪೊಲೀಸರಿಗೆ ತಿಳಿಸುವುದು ನಿಮ್ಮ ಕರ್ತವ್ಯ, ತಿಳಿಸದಿರುವುದು ಅಪರಾಧ. ಮಗುವಿನ ಗುರುತು ಹೊರಗೆ ಬರಬಾರದು, ಸ್ಟಾಫ್ ರೂಮಿನಲ್ಲೂ ಬರಬಾರದು. ಮಕ್ಕಳ ಸಹಾಯವಾಣಿ 1098 ದಿನದ 24 ಗಂಟೆಯೂ ಉಚಿತ. ಈ ಸಂಖ್ಯೆಯನ್ನು ಮೊದಲ ಪಾಠದ ದಿನವೇ ಬೋರ್ಡ್ ಮೂಲೆಯಲ್ಲಿ ಬರೆದಿಡಿ, ಅಳಿಸಬೇಡಿ.

ಮಕ್ಕಳು ನಿಮ್ಮನ್ನೂ ಕೇಳುತ್ತಾರೆ. "ಸರ್, ಶಾಲೆಯಲ್ಲಿ ಹೊಡೀಬಹುದಾ?" ನೇರವಾಗಿ ಹೇಳಿ. ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಬೆತ್ತ ಕೈಯಲ್ಲಿ ಹಿಡಿದು ಹಕ್ಕಿನ ಪಾಠ ಮಾಡಿದರೆ ಮಕ್ಕಳು ಬೆತ್ತದ ಪಾಠವನ್ನೇ ಕಲಿಯುತ್ತಾರೆ.

ಹಂತ 7: ಒಂದು ಹೆಜ್ಜೆ ಮುಂದೆ

ಯುರೋಪ್ ಮಂಡಳಿ ಯುವಜನರ ಹಕ್ಕು ಶಿಕ್ಷಣಕ್ಕಾಗಿ 2002ರಲ್ಲಿ "ಕಂಪಾಸ್" ಎಂಬ ಕೈಪಿಡಿ ತಂದಿತು. ಚಿಕ್ಕ ಮಕ್ಕಳಿಗೆ "ಕಂಪಾಸಿಟೋ" ಇದೆ. ಎರಡೂ ಆನ್‌ಲೈನ್‌ನಲ್ಲಿ ಉಚಿತ. ಇದರಲ್ಲಿ "ಟೇಕ್ ಎ ಸ್ಟೆಪ್ ಫಾರ್ವರ್ಡ್" ಎಂಬ ಚಟುವಟಿಕೆ ಇಂಗ್ಲಿಷ್ ತರಗತಿಗೆ ಹೇಳಿ ಮಾಡಿಸಿದಂತಿದೆ. ಪ್ರತಿ ಮಗುವಿಗೂ ಒಂದು ಪಾತ್ರದ ಚೀಟಿ. ಎಲ್ಲರೂ ಮೈದಾನದಲ್ಲಿ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ. ನೀವು ಒಂದೊಂದೇ ವಾಕ್ಯ ಓದುತ್ತೀರಿ. ಆ ಪಾತ್ರಕ್ಕೆ ಅದು ನಿಜವಾದರೆ ಒಂದು ಹೆಜ್ಜೆ ಮುಂದೆ, ಇಲ್ಲದಿದ್ದರೆ ನಿಂತಲ್ಲೇ.

ಅಲ್ಲಿರುವ ಚೀಟಿಗಳು ಯುರೋಪಿನ ಬದುಕಿನವು, ಹಾಗೇ ತಂದರೆ ನಮ್ಮ ಮಕ್ಕಳಿಗೆ ತಲೆಬುಡ ತಿಳಿಯುವುದಿಲ್ಲ. ನಿಮ್ಮವೇ ಬರೆಯಿರಿ: ರಾಯಚೂರಿನಿಂದ ಬೆಂಗಳೂರಿಗೆ ಕಟ್ಟಡ ಕೆಲಸಕ್ಕೆ ಬಂದವರ ಮಗಳು. ತಹಶೀಲ್ದಾರರ ಮಗ. ಗಾರ್ಮೆಂಟ್ಸ್ ಕಾರ್ಖಾನೆಯ ಕೆಲಸಗಾರ್ತಿ. ಗಾಲಿಕುರ್ಚಿ ಬಳಸುವ ಪಿಯು ವಿದ್ಯಾರ್ಥಿ. ಕಬ್ಬು ಕಡಿಯಲು ಊರೂರು ತಿರುಗುವವರ ಹುಡುಗ. ಹಳ್ಳಿಯಲ್ಲಿ ಒಬ್ಬಳೇ ಇರುವ ಅಜ್ಜಿ. ವೈದ್ಯರ ಮಗಳು.

ವಾಕ್ಯಗಳು ಎ2 ಮಟ್ಟದಲ್ಲಿರಲಿ. "ಐ ಕ್ಯಾನ್ ಗೋ ಟು ಸ್ಕೂಲ್ ಎವ್ರಿ ಡೇ. ಐ ಕ್ಯಾನ್ ಸೀ ಎ ಡಾಕ್ಟರ್ ವೆನ್ ಐ ಆಮ್ ಇಲ್. ಐ ಕ್ಯಾನ್ ರೆಸ್ಟ್ ಆನ್ ಸಂಡೇ. ಪೀಪಲ್ ಲಿಸನ್ ಟು ಮಿ. ಐ ಕ್ಯಾನ್ ಗೆಟ್ ಇನ್‌ಟು ಎ ಬಸ್ ವಿದೌಟ್ ಹೆಲ್ಪ್." ಹತ್ತು ಹನ್ನೆರಡು ವಾಕ್ಯ ಆಗುವಷ್ಟರಲ್ಲಿ ಸಾಲು ಚದುರಿಹೋಗಿರುತ್ತದೆ. ನಿಂತಲ್ಲೇ ನಿಂತವರನ್ನು ಮೊದಲು ಮಾತಾಡಿಸಿ. "ಐ ಕುಡ್ ನಾಟ್ ಮೂವ್ ಬಿಕಾಸ್..." ಅಂತ ಶುರು ಮಾಡಲಿ. ಕ್ಯಾನ್, ಕುಡ್, ಬಿಕಾಸ್ ಮೂರೂ ಒಂದೇ ಪೀರಿಯಡ್‌ನಲ್ಲಿ ಬಂದವು ನೋಡಿ. ಮುಂದೆ ಹೋದವರಿಗೆ ಒಂದೇ ಪ್ರಶ್ನೆ ಸಾಕು: ಹಿಂದೆ ಉಳಿದವರು ಯಾವಾಗ ಕಣ್ಣಿಗೆ ಬಿದ್ದರು?

ಮೂರು ಎಚ್ಚರ. ತರಗತಿಯಲ್ಲಿರುವ ಯಾವ ಮಗುವಿನ ನಿಜ ಪರಿಸ್ಥಿತಿಯೂ ಚೀಟಿಯಲ್ಲಿ ಬರಕೂಡದು. ನಿಮ್ಮ ತರಗತಿಯಲ್ಲಿ ಕಬ್ಬು ಕಡಿಯುವವರ ಮಕ್ಕಳಿದ್ದರೆ ಆ ಚೀಟಿ ತೆಗೆದುಹಾಕಿ. ಜಾತಿಯ ಹೆಸರು ಹಾಕಿ ಚೀಟಿ ಮಾಡಬೇಡಿ. ಸಣ್ಣ ಊರಿನಲ್ಲಿ ಅದು ಯಾರ ಕಡೆ ಬೆರಳು ತೋರಿಸುತ್ತದೆ ಅಂತ ಎಲ್ಲರಿಗೂ ಗೊತ್ತಾಗುತ್ತದೆ, ಗಾಯ ಆ ಮಗುವಿಗೆ. ಅಸ್ಪೃಶ್ಯತೆಯನ್ನು ಸಂವಿಧಾನದ 17ನೇ ವಿಧಿಯ ಮೂಲಕ, ಓದುವ ಪಾಠವಾಗಿಯೇ ಕಲಿಸಿ. ಮೂರನೆಯದು, ಕೊನೆಗೆ ಚೀಟಿಗಳನ್ನು ವಾಪಸ್ ತೆಗೆದುಕೊಂಡು ಎಲ್ಲರೂ ತಮ್ಮ ಹೆಸರು ಹೇಳಿ ಪಾತ್ರದಿಂದ ಹೊರಬರಲಿ. ಇದನ್ನು ಬಿಟ್ಟರೆ "ಏ ಅಜ್ಜಿ" ಅನ್ನುವ ಅಡ್ಡಹೆಸರು ವರ್ಷವಿಡೀ ಉಳಿಯುತ್ತದೆ.

ಹಂತ 8: ಬರವಣಿಗೆ

ಪರೀಕ್ಷೆಗೆ ಹೇಗೂ ಪತ್ರ ಬರೆಸುತ್ತೀರಿ, ಪ್ರೊಫೈಲ್ ರೈಟಿಂಗ್ ಮಾಡಿಸುತ್ತೀರಿ. ಪ್ರೊಫೈಲ್ ಅಂದರೆ ಕೊಟ್ಟ ಅಂಶಗಳಿಂದ ಒಬ್ಬ ವ್ಯಕ್ತಿಯ ಪರಿಚಯ ಬರೆಯುವುದು. ಎರಡನ್ನೂ ಹಕ್ಕಿನ ಕಡೆ ತಿರುಗಿಸಿ.

ಪ್ರೊಫೈಲಿಗೆ ಹಂಸಾ ಮೆಹ್ತಾ ಅವರನ್ನು ತೆಗೆದುಕೊಳ್ಳಿ. 1897ರಲ್ಲಿ ಸೂರತ್‌ನಲ್ಲಿ ಹುಟ್ಟಿದರು. ನಮ್ಮ ಸಂವಿಧಾನ ರಚನಾ ಸಭೆಯ ಸದಸ್ಯೆ. ವಿಶ್ವಸಂಸ್ಥೆಯ ಮಾನವ ಹಕ್ಕು ಆಯೋಗದಲ್ಲಿ ಭಾರತದ ಪ್ರತಿನಿಧಿ. ಘೋಷಣೆಯ ಕರಡಿನಲ್ಲಿ "ಆಲ್ ಮೆನ್" ಎಂದು ಇದ್ದದ್ದನ್ನು "ಆಲ್ ಹ್ಯೂಮನ್ ಬೀಯಿಂಗ್ಸ್" ಎಂದು ಬದಲಿಸಲು ಪಟ್ಟು ಹಿಡಿದವರು ಅವರೇ. ಆಮೇಲೆ ಬರೋಡಾ ವಿಶ್ವವಿದ್ಯಾಲಯದ ಕುಲಪತಿಯಾದರು. 1995ರಲ್ಲಿ ತೀರಿಕೊಂಡರು. ಈ ಅಂಶಗಳನ್ನು ತುಣುಕು ತುಣುಕಾಗಿ ಬೋರ್ಡ್ ಮೇಲೆ ಕೊಡಿ, ಪೂರ್ತಿ ವಾಕ್ಯ ಮಕ್ಕಳದ್ದಾಗಲಿ. 1ನೇ ವಿಧಿಯನ್ನು ಮಕ್ಕಳು ಓದಿ ಮುಗಿಸಿದ ಮೇಲೆ ಇದನ್ನು ಮಾಡಿಸಿ. ತಾವು ಓದಿದ ಸಾಲನ್ನು ನಮ್ಮ ದೇಶದ ಒಬ್ಬ ಹೆಣ್ಣುಮಗಳು ತಿದ್ದಿದ್ದು ಅಂತ ಗೊತ್ತಾದಾಗ ಹುಡುಗಿಯರು ಪೆನ್ನು ಹಿಡಿಯುವ ರೀತಿಯೇ ಬೇರೆ.

ಪತ್ರಕ್ಕೆ ನಿಜವಾದ ವಿಷಯ ಕೊಡಿ. ಸಂಜೆ ಬಸ್ ಇಲ್ಲ ಅಂತ ಡಿಪೋ ಮ್ಯಾನೇಜರ್‌ಗೆ, ಶಾಲೆ ದಾರಿಯಲ್ಲಿ ಬೀದಿದೀಪ ಇಲ್ಲ ಅಂತ ಗ್ರಾಮ ಪಂಚಾಯಿತಿಯ ಪಿಡಿಒ ಅವರಿಗೆ. ಪತ್ರದಲ್ಲಿ ಒಂದು ವಾಕ್ಯ "ಚಿಲ್ಡ್ರನ್ ಹ್ಯಾವ್ ದ ರೈಟ್ ಟು..." ಅಂತ ಇರಲೇಬೇಕು ಎಂಬ ನಿಯಮ ಮಾಡಿ. ಇಲ್ಲಿ "ಹ್ಯಾಸ್" ಅಲ್ಲ, "ಹ್ಯಾವ್" ಅನ್ನುವುದನ್ನೂ ಹೇಳಿಬಿಡಿ. ಅದೇ ಅಂಶಗಳನ್ನು ಕನ್ನಡದಲ್ಲಿ ಬರೆದುಕೊಂಡು ಮಕ್ಕಳ ಗ್ರಾಮಸಭೆಯಲ್ಲಿ ಕೇಳಬಹುದು. ಸಾಮಾನ್ಯವಾಗಿ ನವೆಂಬರ್‌ನಿಂದ ಜನವರಿಯೊಳಗೆ ನಡೆಯುತ್ತದೆ, ಪಂಚಾಯಿತಿಯಲ್ಲಿ ದಿನಾಂಕ ವಿಚಾರಿಸಿಟ್ಟುಕೊಳ್ಳಿ.

ನಿಮ್ಮ ಸ್ವಂತ ಕಲಿಕೆಗೆ

ಬ್ರಿಟಿಷ್ ಕೌನ್ಸಿಲ್‌ನ ಟೀಚಿಂಗ್‌ಇಂಗ್ಲಿಷ್ ತಾಣದಲ್ಲಿ ಪಾಠಯೋಜನೆಗಳು ಮಟ್ಟದ ಪ್ರಕಾರ ಸಿಗುತ್ತವೆ. ಮಾನವ ಹಕ್ಕುಗಳಿಗಾಗಿ ಕೆಲಸ ಮಾಡುವ ಸಂಸ್ಥೆ ಅಮ್ನೆಸ್ಟಿಯ ಆನ್‌ಲೈನ್ ಅಕಾಡೆಮಿಯಲ್ಲಿ ಹಕ್ಕುಗಳ ಬಗ್ಗೆ ಉಚಿತ ಕಿರು ಕೋರ್ಸ್‌ಗಳಿವೆ, ನಿಮ್ಮ ಇಂಗ್ಲಿಷ್ ಓದಿಗೂ ಒಳ್ಳೆ ಅಭ್ಯಾಸ. ನಮ್ಮ ರಾಜ್ಯದ ಶಿಕ್ಷಕರಿಗಾಗಿಯೇ ಕನ್ನಡ, ಇಂಗ್ಲಿಷ್ ಎರಡರಲ್ಲೂ ಮಾಡಿದ ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲ ತಾಣ, ಅಂದರೆ ಕೋಯರ್, ಇದೆ. ಅಲ್ಲಿ ಸಿಕ್ಕಿದ್ದನ್ನು ತಿದ್ದಿ ಬಳಸಬಹುದು. ಒಮ್ಮೆಗೇ ಎಲ್ಲ ತಾಣಕ್ಕೂ ನುಗ್ಗಬೇಡಿ. ಒಂದು ಸಾಕು, ಅದರಲ್ಲೇ ಒಂದು ಟರ್ಮ್ ಕಳೆಯಿರಿ.

ಹಂತ 9: ಯಾವಾಗ ಮಾಡೋದು, ಕಲಿತರಾ ಅಂತ ನೋಡೋದು ಹೇಗೆ

ನವೆಂಬರ್ 14 ಮಕ್ಕಳ ದಿನ, 20 ವಿಶ್ವ ಮಕ್ಕಳ ದಿನ, 26 ಸಂವಿಧಾನ ದಿನ, ಡಿಸೆಂಬರ್ 10 ಮಾನವ ಹಕ್ಕುಗಳ ದಿನ. ನಾಲ್ಕೂ ನಾಲ್ಕು ವಾರದೊಳಗೆ ಬರುತ್ತವೆ. ವಾರಕ್ಕೆ ಒಂದು ಪೀರಿಯಡ್ ಈ ಪಾಠಕ್ಕೆ ತೆಗೆದಿಟ್ಟರೆ ಪಠ್ಯಕ್ಕೂ ತೊಂದರೆ ಆಗುವುದಿಲ್ಲ. ಪತ್ರ, ಪ್ರೊಫೈಲ್, ಮಾತಿನ ಚಟುವಟಿಕೆಗಳನ್ನು ಎಫ್‌ಎ (ರೂಪಣಾತ್ಮಕ ಮೌಲ್ಯಮಾಪನ) ಚಟುವಟಿಕೆಯಾಗಿ ದಾಖಲಿಸಿಕೊಳ್ಳಿ. ಭಾಷೆಗೆ ಅಂಕ ಕೊಡಿ, ಅಭಿಪ್ರಾಯಕ್ಕೆ ಕೊಡಬೇಡಿ. ನೀವು ಒಪ್ಪದ ಮಾತನ್ನು ಮಗು ಸರಿಯಾದ ಇಂಗ್ಲಿಷಿನಲ್ಲಿ ಬರೆದಿದ್ದರೆ ಪೂರ್ತಿ ಅಂಕ ಸಿಗಬೇಕು. 19ನೇ ವಿಧಿ ಕಲಿಸಿದ್ದೀರಿ ಅಲ್ವಾ.

ವರ್ಷದ ಕೊನೆಗೆ ಒಂದು ಪರೀಕ್ಷೆ ಸಾಕು. ಘೋಷಣೆಯಲ್ಲಿ ಮಕ್ಕಳು ನೋಡಿರದ 17ನೇ ವಿಧಿಯನ್ನು ಕೊಡಿ, ಆಸ್ತಿಯ ಹಕ್ಕಿನದು. ಎರಡೇ ಸಾಲು ಇದೆ. ಒಂದು "ಎವ್ರಿಒನ್ ಹ್ಯಾಸ್ ದ ರೈಟ್ ಟು" ಅಂತ ಶುರುವಾಗುತ್ತದೆ, ಇನ್ನೊಂದು "ನೋ ಒನ್ ಶಲ್ ಬಿ" ಅಂತ. "ಆರ್ಬಿಟ್ರರಿಲಿ", "ಡಿಪ್ರೈವ್ಡ್" ಎಂಬ ಎರಡು ಪದಗಳ ಅರ್ಥ ಮಾತ್ರ ಬೋರ್ಡ್ ಮೇಲೆ ಬರೆಯಿರಿ. ಓದಿ, ಕನ್ನಡದಲ್ಲಿ ಅರ್ಥ ಹೇಳಿ, ತಮ್ಮದೇ ಎರಡು ಇಂಗ್ಲಿಷ್ ವಾಕ್ಯ ಬರೆಯಲಿ. ಮೊದಲ ಸಾಲು ಬಂದು ಎರಡನೆಯದು ಬಾರದೆ ಹೋದರೆ, ಹೊಸ ಹಕ್ಕಿಗೆ ಹೋಗಬೇಡಿ. 4ನೇ ವಿಧಿ ಇಟ್ಟುಕೊಂಡು "ನೋ ಒನ್" ಪಾಠವನ್ನು ಇನ್ನೊಂದು ಸಲ ಮಾಡಿ.